ನೀರಿನಲ್ಲಿ ನಿಂತು ಬಾಯಾರಿದ ಸಂಪಿಗೆ

ನನ್ನ ಕಸುಬು ಪಂಪ್‌ಸೆಟ್ ಮೋಟಾರ್ ರಿಪೇರಿ. ಸುಟ್ಟ ಮೋಟಾರನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದು ‘ಎಷ್ಟಾಗುತ್ತದೆ?’ ಎಂದು ಕೇಳುವವರಿಗೆಲ್ಲ ನನ್ನ ಉತ್ತರ ಒಂದೇ: ಬಿಚ್ಚಿ ನೋಡದೆ ಹೇಳುವುದಿಲ್ಲ. ಅಂಗಡಿಯಲ್ಲಿ ಇಷ್ಟು ಖಡಕ್ಕಾಗಿರುವ ನಾನು, ಮನೆಯ ಮುಂದೆ ನೆಟ್ಟ ಸಂಪಿಗೆ ಮೂರು ತಿಂಗಳು ಸೊರಗುತ್ತಿದ್ದರೂ ಒಮ್ಮೆಯೂ ಅದರ ಬುಡ ಬಿಡಿಸಿ ನೋಡಲಿಲ್ಲ. ಎಲೆ ನೋಡಿದೆ, ಎಲೆಗೆ ಔಷಧ ಹುಡುಕಿದೆ, ಸಂಜೆಯಾದರೆ ಎರಡು ಬಿಂದಿಗೆ ನೀರು ಸುರಿದೆ.

ಗಿಡ ತಂದದ್ದು ಜೂನ್ ಎರಡನೇ ವಾರ. ನಮ್ಮದು ಮೈಸೂರಿನ ಅಂಚಿನ ಹೊಸ ಬಡಾವಣೆ; ಮನೆ ಕಟ್ಟಿ ಎರಡು ವರ್ಷವಾಯಿತು, ಬೀದಿಯಲ್ಲಿ ಇನ್ನೂ ನೆರಳೆಂಬುದಿಲ್ಲ. ಬಾಗಿಲಿಗೆ ಎದುರಾಗಿ ಸಂಪಿಗೆಯೇ ಬೇಕೆಂದು ಅಮ್ಮನ ಹಟ. ಬೀಜದಿಂದ ಎದ್ದ ಸಸಿ ಹೂ ತೋರಿಸಲು ಎಂಟು ಹತ್ತು ವರ್ಷ ಕಾಯಿಸುತ್ತದೆ. ‘ಅಷ್ಟು ಕಾಯುವ ವಯಸ್ಸು ನನ್ನದಲ್ಲ, ಕಸಿ ಗಿಡ ತಾ’ ಎಂದಳು. ನರ್ಸರಿಯಲ್ಲಿ 650 ರೂಪಾಯಿ ಕೊಟ್ಟು ತಂದ ಗಿಡ ಐದಡಿ ಎತ್ತರವಿತ್ತು, ಕಾಂಡ ಹೆಬ್ಬೆರಳಿನಷ್ಟು ದಪ್ಪ, ತುದಿಯಲ್ಲಿ ಎರಡು ಮೊಗ್ಗು.

ನಾನು ಮತ್ತು ತಮ್ಮ ಸೇರಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೆಗೆದೆವು. ಒಂದಡಿ ಇಳಿಯುವಷ್ಟರಲ್ಲಿ ಹಾರೆ ಠಣ್ ಎಂದಿತು. ಮನೆ ಕಟ್ಟುವಾಗ ಜೆಸಿಬಿ ಓಡಾಡಿ ಕಲ್ಲಾದ ನೆಲ. ನಡುನಡುವೆ ಒಡೆದ ಇಟ್ಟಿಗೆ, ಸಿಮೆಂಟಿನ ಹೆಂಟೆ. ‘ನೀರು ಬಸಿಯಲಿ’ ಎಂದು ತಳಕ್ಕೆ ಎರಡು ಬಾಂಡಲಿ ಜಲ್ಲಿ ಹಾಕಿದೆವು. ಅದರ ಮೇಲೆ ಒಂದು ಮಂಕರಿ ಕೊಟ್ಟಿಗೆ ಗೊಬ್ಬರ, ಗೊಬ್ಬರದ ಮೇಲೆ ಗಿಡ. ಅಲುಗಾಡದಿರಲಿ ಎಂದು ಬುಡಕ್ಕೆ ಮಣ್ಣು ಏರಿಸಿ ಕಾಲಿನಿಂದ ಚೆನ್ನಾಗಿ ತುಳಿದೆವು. ಇಷ್ಟರಲ್ಲಿ ಎಷ್ಟು ತಪ್ಪುಗಳಾದವು ಎಂದು ಗಿಡ ಬಲ್ಲವರು ಈಗಾಗಲೇ ಎಣಿಸಿರಬಹುದು. ನಾನು ಎಣಿಸಲು ಸೆಪ್ಟೆಂಬರ್ ಬರಬೇಕಾಯಿತು.

ಜುಲೈನಲ್ಲಿ ಕೆಳಗಿನ ಎಲೆಗಳು ಹಳದಿಯಾಗಿ ಉದುರಿದವು. ಜಾಗ ಬದಲಾದ ಗಿಡ, ಹೊಂದಿಕೊಳ್ಳುತ್ತದೆ ಎಂದುಕೊಂಡೆ. ಮೊಗ್ಗು ಕಪ್ಪಾಗಿ ಬಿದ್ದವು. ಆಗಸ್ಟಿನಲ್ಲಿ ಬಂದ ಹೊಸ ಎಲೆ ಹೆಬ್ಬೆರಳಿನಷ್ಟಕ್ಕೇ ನಿಂತಿತು. ನರ ಹಸಿರು, ನರಗಳ ನಡುವೆ ನಿಂಬೆಹಣ್ಣಿನ ಬಣ್ಣ. ಹಳೆಯ ಎಲೆಗಳ ಅಂಚು ಕಂದಾಗಿ, ಮಧ್ಯಾಹ್ನವಾದರೆ ಜೋತು ಬೀಳುತ್ತಿದ್ದವು. ಸಲಹೆಗೇನೂ ಬರವಿರಲಿಲ್ಲ. ಎದುರು ಮನೆಯವರು ದೃಷ್ಟಿಯಾಗಿದೆ ಎಂದು ಕಪ್ಪು ದಾರ ಕಟ್ಟಿಸಿದರು. ಗೊಬ್ಬರದ ಅಂಗಡಿಯವನು ಒಂದು ಬಾಟಲಿ ಟಾನಿಕ್ ಮಾರಿದ. ನಾನಾಗಿ ಒಂದು ಹಿಡಿ ಡಿಎಪಿ ರಸಗೊಬ್ಬರ ಹಾಕಿದೆ. ಅದಾದ ವಾರಕ್ಕೆ ಎಲೆಯಂಚು ಇನ್ನಷ್ಟು ಸುಟ್ಟಿತು. ಇದ್ದುದರಲ್ಲಿ ಕೆಡುಕು ಮಾಡದಿದ್ದದ್ದು ಆ ಕಪ್ಪು ದಾರವೊಂದೇ.

ಆಗಸ್ಟ್ 31, ಭಾನುವಾರ

ಮಧ್ಯಾಹ್ನ ಊಟವಾದ ಮೇಲೆ ಹೋಗಿ ನೋಡಿದರೆ ಎಲೆಗಳೆಲ್ಲ ಕಿವಿ ಬಿಟ್ಟ ಮೇಕೆಯಂತೆ ನೇತಾಡುತ್ತಿವೆ. ಬಿಂದಿಗೆ ತರಲು ಹೊರಟವನು ಯಾಕೋ ಬಾಗಿ ಮಣ್ಣಿಗೆ ಬೆರಳು ಚುಚ್ಚಿದೆ. ಎರಡು ಗೆಣ್ಣು ಇಳಿಯಿತು. ಹೊರಗೆ ತೆಗೆದರೆ ಬೆರಳಿಗೆ ಕೆಸರು. ಹಿಂದಿನ ರಾತ್ರಿ ಮಳೆಯೂ ಬಂದಿತ್ತು. ನೀರು ತುಂಬಿದೆ, ಗಿಡ ಬಾಡಿದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಲೈನಿನಲ್ಲಿ ಕರೆಂಟ್ ಇದೆ, ಶಾಫ್ಟ್ ತಿರುಗುತ್ತಿಲ್ಲ. ಇಂಥ ಮೋಟಾರಿಗೆ ಇನ್ನೂ ಹೆಚ್ಚು ಕರೆಂಟ್ ಕೊಡುವವನಿಗೆ ಏನೆನ್ನಬೇಕು?

ಮೊದಲು, ಜೀವವಿದೆಯೇ ಎಂದು ನೋಡಬೇಕಿತ್ತು. ತುದಿಯ ತೊಗಟೆಯನ್ನು ಉಗುರಿನಿಂದ ಕೆರೆದೆ: ಒಳಗೆ ಕಂದು, ಒಣಕಲು. ಒಂದು ಗೇಣು ಕೆಳಗೆ ಕೆರೆದೆ: ಎಳೆ ಹುರುಳಿಕಾಯಿಯಂಥ ಹಸಿರು, ಒದ್ದೆ. ಅಲ್ಲಿಂದ ಕೆಳಗೆ ಎಲ್ಲಿ ಕೆರೆದರೂ ಹಸಿರೇ. ಐದಡಿಯಲ್ಲಿ ನಾಲ್ಕಡಿಗೂ ಮಿಕ್ಕಿ ಉಳಿದಿದೆ.

ಕೆರೆಯುತ್ತ ಕೆರೆಯುತ್ತ ಬುಡಕ್ಕೆ ಬಂದಾಗ ಬಿಳಿಗಿರಿರಂಗನ ಬೆಟ್ಟದ ದೊಡ್ಡ ಸಂಪಿಗೆ ನೆನಪಾಯಿತು. ಭಾರ್ಗವಿ ಹೊಳೆಯ ದಡದಲ್ಲಿ ಸೋಲಿಗರು ದೇವರೆಂದು ಪೂಜಿಸುವ ಮರ ಅದು. ಎಂದೋ ಮದುವೆಯಾದ ಹೊಸದರಲ್ಲಿ ನೋಡಿದ್ದೆ. ಆ ಮರ ನೆಲಕ್ಕೆ ಚುಚ್ಚಿ ನಿಲ್ಲಿಸಿದಂತಿಲ್ಲ. ಬುಡದಲ್ಲಿ ಅಗಲವಾಗಿ ಹರಡಿ, ಬೇರುಗಳು ನೆಲದ ಮೇಲೇ ಏರಿಳಿಯುತ್ತ ಹೋಗಿವೆ. ನಮ್ಮ ಗಿಡವೋ ವಿದ್ಯುತ್ ಕಂಬದ ಹಾಗೆ, ಮೇಲಿಂದ ಕೆಳಗಿನವರೆಗೆ ಒಂದೇ ಗಾತ್ರದಲ್ಲಿ ಬಂದು ಮಣ್ಣಿನೊಳಗೆ ಹೊಕ್ಕಿದೆ. ಮೊಬೈಲಿನಲ್ಲಿ ತಂದ ದಿನದ ಚಿತ್ರವಿತ್ತು. ಗಿಡದ ಪಕ್ಕ ಅಮ್ಮ ನಿಂತಿದ್ದಾಳೆ. ಕಸಿ ಗಂಟು, ಅಂದರೆ ಬೀಜದ ಸಸಿಗೆ ಕಸಿ ಕೊಂಬೆ ಕೂಡಿಸಿದ ಜಾಗ, ಚೀಲದ ಮಣ್ಣಿಗಿಂತ ಒಂದು ಗೇಣು ಮೇಲೆ ಎದ್ದು ಕಾಣುತ್ತದೆ. ಈಗ ನೋಡಿದರೆ ಗಂಟು ಮಣ್ಣನ್ನು ಮುಟ್ಟಿಕೊಂಡಿದೆ. ಅಷ್ಟು ದೂರ ಗಿಡ ಎಲ್ಲಿ ಹೋಯಿತು?

ಸ್ವಲ್ಪ ನಾವು ಏರಿಸಿದ ಮಣ್ಣು, ಉಳಿದದ್ದು ಕುಸಿತ. ಸಡಿಲ ಗೊಬ್ಬರದ ಮೇಲೆ ಗಿಡ ಕೂರಿಸಿದ್ದೆವಲ್ಲ, ಗೊಬ್ಬರ ಕೊಳೆತು ಇಳಿದಂತೆ ಗಿಡವೂ ಇಳಿದಿದೆ.

ಬುಧವಾರ ಅಂಗಡಿಗೆ ಎಚ್.ಡಿ. ಕೋಟೆ ಕಡೆಯ ಶುಂಠಿ ಬೆಳೆಗಾರರೊಬ್ಬರು ಸಬ್‌ಮರ್ಸಿಬಲ್ ತಂದಿದ್ದರು. ವೈಂಡಿಂಗ್ ನಡೆಯುವಷ್ಟು ಹೊತ್ತು ಗಿಡದ ಕಥೆ ಹೇಳಿದೆ. ಶುಂಠಿಯವರಿಗೆ ಕೊಳೆ ರೋಗದ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ‘ಒಂದು ಬೇರು ಕಿತ್ತು ಎರಡು ಬೆರಳಲ್ಲಿ ಎಳೆಯಿರಿ ಸ್ವಾಮಿ. ಸಿಪ್ಪೆ ಜಾರಿ ಬಂದು ಒಳಗಿನ ದಾರ ಉಳಿದರೆ ಕೊಳೆ. ನೀರು ನಿಲ್ಲುವ ಕಡೆ ನಾವು ಗುಂಡಿಯಲ್ಲಿ ಹಾಕುವುದೇ ಇಲ್ಲ, ಏರು ಮಡಿ ಮಾಡುತ್ತೇವೆ’ ಎಂದರು. ಮೋಟಾರಿನ ಹಣದಲ್ಲಿ ಇನ್ನೂರು ಬಿಟ್ಟೆ.

ಸೆಪ್ಟೆಂಬರ್ 6, ರಾತ್ರಿ

ಗಿಡದಿಂದ ನಾಲ್ಕಡಿ ಆಚೆ ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿದೆ. ಅದು ಒಮ್ಮೆ ಇಂಗಿದ ಮೇಲೆ ಎಂಟು ಗಂಟೆಗೆ ಮತ್ತೆ ಎಂಟು ಅಂಗುಲ ನೀರು ನಿಲ್ಲಿಸಿ, ಒಂದು ಕಡ್ಡಿಗೆ ಗುರುತು ಹಾಕಿ ಮಲಗಿದೆ. ಒಳ್ಳೆಯ ನೆಲವಾದರೆ ಗಂಟೆಗೆ ಒಂದಂಗುಲಕ್ಕೆ ಕಡಿಮೆಯಿಲ್ಲದಂತೆ ಇಳಿಯಬೇಕು. ಬೆಳಿಗ್ಗೆ ಆರಕ್ಕೆ ನೋಡಿದರೆ ಐದು ಅಂಗುಲ ಹಾಗೇ ನಿಂತಿದೆ, ಒಂದು ಸೊಳ್ಳೆ ಅದರ ಮೇಲೆ ಕೂತಿದೆ. ನಾನು ಗಿಡಕ್ಕೆ ಗುಂಡಿ ತೋಡಿರಲಿಲ್ಲ, ಹಂಡೆ ಹೂತಿದ್ದೆ.

ಅದೇ ಮಣ್ಣಿನ ಒಂದು ಚಮಚವನ್ನು ತಟ್ಟೆಗೆ ಹಾಕಿ ವಿನೆಗರ್ ಬಿಟ್ಟೆ. ಸೋಡಾ ಬಾಟಲಿ ತೆರೆದಂತೆ ಸುಯ್ ಎಂದು ನೊರೆ ಬಂತು. ಸಿಮೆಂಟಿನ ಸುಣ್ಣ. ಸಂಪಿಗೆಗೆ ಕೊಂಚ ಹುಳಿ ಮಣ್ಣು ಹಿಡಿಸುತ್ತದೆ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಕರಗುವುದಿಲ್ಲ, ಬೇರಿಗೆ ದಕ್ಕುವುದಿಲ್ಲ. ಎಳೆ ಎಲೆಯಲ್ಲಿ ಹಸಿರು ನರ, ಹಳದಿ ಮೈ ಎಂದರೆ ಅದೇ. ಸಾರಜನಕದ ಕೊರತೆಯಾದರೆ ಹಳದಿ ಮೊದಲು ಹಳೆಯ ಎಲೆಗೆ ಬರುತ್ತದೆ. ಡಿಎಪಿಯಲ್ಲಿರುವ ರಂಜಕ ಹೆಚ್ಚಾದರೂ ಕಬ್ಬಿಣ ಸಿಗದಂತಾಗುತ್ತದೆ, ಅಂದರೆ ಉರಿಯುವ ಕಡೆಗೇ ನಾನು ಉಪ್ಪು ಸವರಿದ್ದೆ. ಮುಂದೆ ಲ್ಯಾಬಿಗೆ ಕೊಟ್ಟಾಗ ರಸಸಾರ (ಪಿಎಚ್; ಏಳು ದಾಟಿದರೆ ಹುಳಿಯಲ್ಲ, ಕ್ಷಾರ) 8.2 ಬಂತು. ನಾವು ಹಾಕುತ್ತಿದ್ದದ್ದು ಬೋರ್‌ವೆಲ್ ನೀರು. ಅಮ್ಮನ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟಿಸುವ ನೀರು.

ಸೆಪ್ಟೆಂಬರ್ 7, ಭಾನುವಾರ

ಅಂಗಡಿಯ ಹುಡುಗನನ್ನು ಬರಹೇಳಿದ್ದೆ. ಮೋಡ ಕವಿದಿತ್ತು, ಗಿಡ ಕೀಳಲು ಒಳ್ಳೆಯ ದಿನ. ಅವನು ಬಂದವನೇ ಗುದ್ದಲಿ ಎತ್ತಿದ. ಬೇಡವೆಂದು ಹಳೆಯ ಸೌಟು, ಒಂದು ಮರದ ಕಡ್ಡಿ ಕೊಟ್ಟೆ. ‘ಅಣ್ಣ, ಇದು ಮಣ್ಣು ಅಗೆಯುವುದೋ, ಪಾಯಸ ಬಡಿಸುವುದೋ?’ ಎಂದ.

ಕಾಂಡದ ಸುತ್ತ ಮಣ್ಣು ತೆಗೆಯುತ್ತ ಹೋದೆವು. ಎರಡಂಗುಲ: ಬರೀ ಕಾಂಡ. ನಾಲ್ಕು: ಕಾಂಡ, ತೊಗಟೆಯ ಬಣ್ಣ ಬೂದಿಯಿಂದ ಕಪ್ಪಿಗೆ ತಿರುಗಿದೆ. ಐದರಲ್ಲಿ ಸಂಪಿನ ಮುಚ್ಚಳ ತೆಗೆದಾಗ ಬರುವಂಥ ವಾಸನೆ ಹೊಡೆಯಿತು. ಒಂದು ಗೇಣಿನಷ್ಟು ಇಳಿದಾಗ ಕಾಂಡ ಅಗಲವಾಗಿ ಮೊದಲ ಬೇರು ಸಿಕ್ಕಿತು. ಅಲ್ಲಿ ಒಂದು ಪಕ್ಕದ ತೊಗಟೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಬೆಂದ ಗೆಣಸಿನಂತೆ ಒಳಕ್ಕೆ ಹೋಯಿತು. ಸುತ್ತಳತೆಯಲ್ಲಿ ಮೂರರಲ್ಲಿ ಒಂದು ಪಾಲು ಹೋಗಿದೆ. ಇನ್ನೊಂದು ಪಾಲು ಹೋಗಿದ್ದರೆ ಈ ಬರಹ ಇರುತ್ತಿರಲಿಲ್ಲ.

ಗಿಡವನ್ನು ಉಂಡೆಯ ಸಮೇತ ಎತ್ತಿದೆವು. ಸಂಪಿಗೆಯ ಬೇರು ದಪ್ಪ, ರಸಭರಿತ, ಪಟ್ಟನೆ ಮುರಿಯುವಂಥದು. ಅದನ್ನು ಕೆದಕಬಾರದೆಂದು ಎಲ್ಲರೂ ಹೇಳುತ್ತಾರೆ. ಹೇಳುವುದು ಸರಿ. ಆದರೆ ಕೊಳೆಯುತ್ತಿರುವುದನ್ನು ಕೆದಕದೆ ಬಿಟ್ಟರೆ ಮುಂದೆ ಕೆದಕಲು ಏನೂ ಇರುವುದಿಲ್ಲ. ಉಂಡೆಯ ಮಣ್ಣು ಜಿಗುಟಾದ ಕಪ್ಪು ಮಣ್ಣು, ನರ್ಸರಿಯಿಂದಲೇ ಬಂದದ್ದು. ನಮ್ಮ ಕೆಂಪು ಮಣ್ಣಿಗೂ ಅದಕ್ಕೂ ಮೂರು ತಿಂಗಳಾದರೂ ನೆಂಟಸ್ತಿಕೆ ಕುದುರಿರಲಿಲ್ಲ. ಬಕೆಟ್ಟಿನಲ್ಲಿ ನೆನೆಸಿ ಮೆಲ್ಲನೆ ತೊಳೆದೆವು. ಒಳಗೆ ಚೀಲದ ಗೋಡೆಗೆ ತಾಗಿ ಸುತ್ತು ಹೊಡೆದ ಬೇರುಗಳು. ಅದರಲ್ಲಿ ಪೆನ್ಸಿಲ್ ದಪ್ಪದ್ದೊಂದು ತಾಯಿಬೇರಿನ ಕುತ್ತಿಗೆಗೇ ಉರುಳು ಹಾಕಿತ್ತು.

ಶುಂಠಿಯವರು ಹೇಳಿದಂತೆ ಎಳೆದು ನೋಡಿದೆ. ಕಂದು ಬೇರಿನ ಸಿಪ್ಪೆ ಹಳೆಯ ವಯರಿನ ಇನ್ಸುಲೇಷನ್ನಿನಂತೆ ಜಾರಿ ಬಂತು, ಕೈಯಲ್ಲಿ ತೆಳ್ಳಗಿನ ದಾರ ಉಳಿಯಿತು. ಪಕ್ಕದ ಕೆನೆ ಬಣ್ಣದ ಬೇರು ಬಗ್ಗಿಸಿದರೆ ಟಕ್ ಎನ್ನುತ್ತಿತ್ತು. ಒಂದೊಂದನ್ನೂ ಮುಟ್ಟಿ ನೋಡಿ ವಿಂಗಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕೊಳೆತದ್ದನ್ನು ಕೆನೆ ಬಣ್ಣ ಕಾಣುವವರೆಗೆ ಕತ್ತರಿಸಿದೆ. ಪ್ರತಿ ಸಲ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. ಉರುಳು ಬೇರನ್ನು ಎರಡು ಕಡೆ ಕಡಿದು ಬಿಡಿಸಿದೆ. ಮುಗಿದಾಗ ನೆಲದ ಮೇಲೆ ಬಿದ್ದದ್ದು ಗಿಡದಲ್ಲಿ ಉಳಿದದ್ದಕ್ಕಿಂತ ಹೆಚ್ಚಿತ್ತು. ಅಮ್ಮ ಬಂದು ನೋಡಿ, ಏನೂ ಹೇಳದೆ ಒಳಗೆ ಹೋದಳು.

ಬುಡದ ಗಾಯಕ್ಕೆ ಕೊಳೆ ತಡೆಯುವ ಬೋರ್ಡೋ ಮುಲಾಮು ಕಲಸಿದೆ. ನೂರು ಗ್ರಾಂ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಅರ್ಧ ಲೀಟರ್ ನೀರಿನಲ್ಲಿ, ನೂರು ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಎರಡನ್ನೂ ಒಟ್ಟಿಗೆ ಮೂರನೆಯ ಪ್ಲಾಸ್ಟಿಕ್ ಡಬ್ಬಕ್ಕೆ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಹದ ನೋಡುವುದು ಚಂದ: ಹಳೆಯ ಬ್ಲೇಡನ್ನು ಒಂದು ನಿಮಿಷ ಅದ್ದಿ ತೆಗೆದರೆ ಮೇಲೆ ತಾಮ್ರದ ಕೆಂಪು ಕೂತಿರಬಾರದು, ಕೂತರೆ ಇನ್ನೂ ಸುಣ್ಣ ಬೇಕು. ನಮ್ಮದು ಮೊದಲ ಸಲ ಕೆಂಪಾಯಿತು, ಒಂದು ಚಮಚ ಸುಣ್ಣ ಬಿದ್ದ ಮೇಲೆ ಸರಿಹೋಯಿತು. ಕೊಳೆತ ತೊಗಟೆಯನ್ನು ಚಾಕುವಿನಿಂದ ಗಟ್ಟಿ ಭಾಗದವರೆಗೆ ಕೆತ್ತಿ, ಆ ಆಕಾಶನೀಲಿ ಮುಲಾಮನ್ನು ಗಾಯಕ್ಕೆ ಮಾತ್ರ ಬ್ರಷ್‌ನಿಂದ ಬಳಿದೆ.

ಅಷ್ಟರಲ್ಲಿ ಹುಡುಗ ಗುಂಡಿಯಿಂದ ಜಲ್ಲಿಯನ್ನೆಲ್ಲ ಹೊರಗೆ ಹಾಕಿದ್ದ. ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎಂಬುದು ಊರೆಲ್ಲ ನಂಬುವ ಮಾತು, ನಾನೂ ನಂಬಿದ್ದೆ. ಒದ್ದೆ ಸ್ಪಂಜನ್ನು ಜಲ್ಲಿಯ ಮೇಲಿಟ್ಟು ನೋಡಿ, ಸ್ಪಂಜಿನ ನೀರು ಕೆಳಗೆ ಹೋಗುವುದಿಲ್ಲ. ನುಣುಪು ಮಣ್ಣೂ ಹಾಗೆಯೇ; ತಾನು ಪೂರ್ತಿ ತೊಯ್ದು ತೊಪ್ಪೆಯಾಗುವವರೆಗೆ ಜಲ್ಲಿಗೆ ನೀರು ಬಿಡುವುದಿಲ್ಲ. ಆ ತೊಪ್ಪೆಯಲ್ಲೇ ನಮ್ಮ ಬೇರುಗಳು ಕೂತಿದ್ದವು. ಗಾಳಿ ಸಿಗದೆ ಕೊಳೆತ ಬೇರು ನೀರೆಳೆಯದು; ಅದಕ್ಕೇ ನೀರಿನಲ್ಲಿ ನಿಂತೂ ಗಿಡ ಬಾಡಿತ್ತು.

ಸಿಮೆಂಟ್ ಚೂರು, ಇಟ್ಟಿಗೆ ಆರಿಸಿದರೆ ಮೂರು ಗೋಣಿಚೀಲ ತುಂಬಿತು. ಗುಂಡಿಯ ಗೋಡೆಗಳನ್ನು ಪಿಕಾಸಿಯಿಂದ ಒರಟು ಮಾಡಿ, ಹೊಲದಿಂದ ತರಿಸಿದ ಕೆಂಪು ಮಣ್ಣನ್ನೇ ಪದರ ಪದರವಾಗಿ ತುಂಬಿ ತುಳಿದು, ನೆಲಮಟ್ಟದಿಂದ ಒಂಬತ್ತು ಅಂಗುಲ ಎತ್ತರಕ್ಕೆ, ನಾಲ್ಕಡಿ ಅಗಲಕ್ಕೆ ದಿಣ್ಣೆ ಏರಿಸಿದೆವು. ಗೊಬ್ಬರ ಒಂದು ಚಿಟಿಕೆಯೂ ಇಲ್ಲ. ದಿಣ್ಣೆಯ ಮೇಲೆ ಗಿಡವಿಟ್ಟು ಬೇರುಗಳನ್ನು ಕೈಬೆರಳಿನಂತೆ ಬಿಡಿಸಿ, ಬೇರು ಹೊರಡುವ ಅಗಲದ ಭಾಗ ಕಣ್ಣಿಗೆ ಕಾಣುವಂತೆ ಬಿಟ್ಟು ಮಣ್ಣು ಮುಚ್ಚಿದೆ. ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಶಿಲೀಂಧ್ರನಾಶಕವನ್ನು ಲೀಟರಿಗೆ ಮೂರು ಗ್ರಾಂನಂತೆ ಕಲಸಿ ಐದು ಲೀಟರ್ ಸುತ್ತಲೂ ಸುರಿದೆ. ಕಾಂಡಕ್ಕೆ ನರ್ಸರಿಯವರು ಬಿದಿರುಕಡ್ಡಿ ಸೇರಿಸಿ ಬಿಗಿದಿದ್ದ ಪ್ಲಾಸ್ಟಿಕ್ ದಾರ ತೊಗಟೆಯೊಳಗೆ ಕಚ್ಚಿಕೊಂಡಿತ್ತು, ಅದನ್ನೂ ಕತ್ತರಿಸಿದೆ. ಎರಡು ಪಕ್ಕ ಗೂಟ ಹೊಡೆದು ಸೈಕಲ್ ಟ್ಯೂಬಿನ ಪಟ್ಟಿಯಿಂದ ಸಡಿಲವಾಗಿ ಹಿಡಿಸಿದೆ. ಗಾಳಿಗೆ ಕಾಂಡ ಸ್ವಲ್ಪ ಅಲುಗಿದರೇ ಅದು ದಪ್ಪವಾಗುವುದು. ಮೇಲೆ ಹಸಿರು ನೆರಳುಬಲೆ. ಒಣ ಎಲೆಯ ಹೊದಿಕೆ, ಕಾಂಡದಿಂದ ಒಂದು ಗೇಣು ಬಿಟ್ಟು.

ಇನ್ನು ನೀರು. ಬೆರಳು ಎರಡು ಗೆಣ್ಣು ಇಳಿದು ಒಣಗಿ ಬಂದರೆ ಮಾತ್ರ. ಅದೂ ಚಾವಣಿಯಿಂದ ಡ್ರಮ್ಮಿಗೆ ಹಿಡಿದ ಮಳೆ ನೀರು. ಬಿಂದಿಗೆಯನ್ನು ಅಮ್ಮ ಒಳಗಿಟ್ಟುಕೊಂಡಳು, ನನ್ನ ಮೇಲೆ ನಂಬಿಕೆಯಿಲ್ಲದೆ.

ಅಕ್ಟೋಬರ್

ದಸರೆಯ ಹೊತ್ತಿಗೆ ಉಳಿದಿದ್ದ ಎಲೆಗಳೂ ಉದುರಿದವು. ವಿಜಯದಶಮಿಯ ದಿನ ಊರೆಲ್ಲ ದೀಪ, ನಮ್ಮ ಬಾಗಿಲಲ್ಲಿ ಒಂದು ಬೋಳು ಕೋಲು. ಬಂದ ನೆಂಟರೆಲ್ಲ ಕಿತ್ತು ಬೇರೆ ಹಾಕಿ ಎಂದರು. ವಾರಕ್ಕೊಮ್ಮೆ ಉಗುರಿನಿಂದ ಕೆರೆದು ನೋಡುವುದೊಂದೇ ನನ್ನ ಕೆಲಸ. ಹಸಿರಿತ್ತು. ಆ ತಿಂಗಳಲ್ಲಿ ಮಾಡಿದ್ದೆಂದರೆ ಟ್ರೈಕೋಡರ್ಮಾ ಪುಡಿ ಐವತ್ತು ಗ್ರಾಂ, ಚೆನ್ನಾಗಿ ಕಳಿತ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ದಿಣ್ಣೆಯ ಅಂಚಿಗೆ ಹಾಕಿದ್ದು. ಟ್ರೈಕೋಡರ್ಮಾ ಎಂದರೆ ಕೊಳೆ ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಜೀವಂತ ಶಿಲೀಂಧ್ರ. ತಾಮ್ರದ ಔಷಧದ ಜೊತೆಗೇ ಹಾಕಿದರೆ ಔಷಧವೇ ಅದನ್ನು ಕೊಲ್ಲುತ್ತದೆ. ಅದಕ್ಕೇ ಮೂರು ವಾರ ಬಿಟ್ಟು ಹಾಕಿದೆ.

ದೀಪಾವಳಿ ಮುಗಿದ ಮೂರನೇ ದಿನ ಅಮ್ಮ ಹೊರಗಿನಿಂದ ಕೂಗಿದಳು. ‘ಚಿಗುರಿದೆ ಬಾರೋ!’ ಓಡಿ ಹೋಗಿ ನೋಡಿದರೆ ಎರಡು ಚಿಗುರು, ಎಳೆ ಹಸಿರು, ಮಿರಮಿರ. ಎರಡೂ ಕಸಿ ಗಂಟಿನ ಕೆಳಗೆ.

ಗಂಟಿನ ಕೆಳಗಿರುವುದು ಬೀಜದ ಸಸಿ. ಅದನ್ನು ಬೆಳೆಯಲು ಬಿಟ್ಟರೆ ಮೇಲಿನ ಕಸಿ ಕೊಂಬೆಯ ಊಟವನ್ನೆಲ್ಲ ಅದೇ ತಿಂದು, ಕೊನೆಗೆ ಅಮ್ಮನಿಗೆ ಎಂಟು ಹತ್ತು ವರ್ಷ ಕಾಯುವ ಮರವೇ ಸಿಗುತ್ತದೆ. ಇದನ್ನು ಹೇಳಿ ಚಿವುಟಲು ಕೈ ಚಾಚಿದರೆ ಅಮ್ಮ ಕೈ ಹಿಡಿದಳು. ‘ಮೇಲಿನದು ಸತ್ತೇ ಹೋದರೆ?’ ಅವಳ ಮಾತಿನಲ್ಲೂ ಅರ್ಥವಿತ್ತು. ಎಲೆಯಿಲ್ಲದ ಗಿಡದ ಬೇರಿಗೆ ಆ ಎರಡು ಚಿಗುರೇ ಅಡುಗೆಮನೆ. ಒಂದನ್ನು ಚಿವುಟಿ ಇನ್ನೊಂದನ್ನು ಬಿಟ್ಟೆವು. ನವೆಂಬರ್ 12ಕ್ಕೆ ಗಂಟಿನಿಂದ ಎರಡಡಿ ಮೇಲೆ ತೊಗಟೆ ಉಬ್ಬಿ ಕಾಳುಮೆಣಸಿನಷ್ಟು ಕಣ್ಣು ಕಂಡಿತು. ಅದು ಎರಡೆಲೆ ಬಿಚ್ಚುವವರೆಗೆ ಕಾದು, ಕೆಳಗಿನದನ್ನು ಬುಡಸಹಿತ ಕಿತ್ತೆ.

ಹೊಸ ಎಲೆಯಲ್ಲಿ ಹಳದಿ ಇನ್ನೂ ಇತ್ತು, ಮೊದಲಿಗಿಂತ ಕಡಿಮೆ. ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಐದು ಗ್ರಾಂ, ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಒಂದು ಗ್ರಾಂ, ಒಂದು ಲೀಟರ್ ಮಳೆ ನೀರು; ಸಂಜೆ ಬಿಸಿಲಿಳಿದ ಮೇಲೆ ಎಲೆಯ ಎರಡೂ ಮೈಗೆ ಸಿಂಪಡಿಸಿದೆ. ಹತ್ತು ದಿನಕ್ಕೊಮ್ಮೆಯಂತೆ ಮೂರು ಸಲ. ಮೊದಲ ಸಲ ಎಚ್ಚರವಿಲ್ಲದೆ ಕಾಂಪೌಂಡ್ ಗೋಡೆಗೂ ಹೊಡೆದೆ. ಆ ತುಕ್ಕಿನ ಕಲೆ ಇವತ್ತಿಗೂ ಇದೆ. ಮಣ್ಣಿಗೆ ಹಾಕಲು ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ ಇಡಿಟಿಎ ಕಬ್ಬಿಣ (ಕರಗಿಯೇ ಇರುವಂತೆ ಇನ್ನೊಂದು ರಾಸಾಯನಿಕದ ಹಿಡಿತದಲ್ಲಿಟ್ಟ ಕಬ್ಬಿಣ) ಸುಣ್ಣದ ಮಣ್ಣಿನಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಅದೇ ಬಗೆಯ, ಆದರೆ ಸುಣ್ಣದಲ್ಲೂ ನಿಲ್ಲುವ, ಇಡಿಡಿಎಚ್‌ಎ ಎಂದು ಬರೆದಿರುವ ಕೆಂಪು ಪುಡಿಯನ್ನೇ ಕೇಳಿ ತರಬೇಕು. ದುಬಾರಿ, ಆದರೆ ಒಂದು ಗಿಡಕ್ಕೆ ಬೇಕಾಗುವುದು ಚಮಚದ ಲೆಕ್ಕ. ಮೂರನೇ ಸಿಂಪಡಣೆಯ ಹೊತ್ತಿಗೆ ಎಲೆ ಅಂಗೈಯಷ್ಟಾಗಿ ಹಸಿರಾಗಿತ್ತು.

ಫೆಬ್ರುವರಿಯಲ್ಲಿ ನೆರಳುಬಲೆ ತೆಗೆದೆ. ಮಾರ್ಚ್ ಕೊನೆಗೆ ನಾಲ್ಕು ಕೊಂಬೆ, ಇಪ್ಪತ್ತಾರು ಎಲೆ. ಅದರಲ್ಲಿ ಐದನ್ನು ಯಾವುದೋ ಹುಳು ಅಂಚಿನಿಂದ ಕೊರೆದು ತಿಂದಿತ್ತು. ಔಷಧದ ಡಬ್ಬ ತೆಗೆದವನು ಹತ್ತಿರ ಹೋಗಿ ನೋಡಿದೆ: ಹಸಿರು ಮೈ, ಹೆಗಲು ದಪ್ಪ, ಬಾಲದ ಕಡೆ ಸಣ್ಣ. ಕಪ್ಪು ರೆಕ್ಕೆಯ ಮೇಲೆ ಹಸಿರು ಚುಕ್ಕೆಯಿರುವ ಬಾಲದ ಚಿಟ್ಟೆಯ ಮರಿ. ಸೀತಾಫಲ, ಸಂಪಿಗೆಗಳ ಎಲೆಯೇ ಅದರ ಊಟ. ಡಬ್ಬ ಒಳಗಿಟ್ಟೆ. ಐದೆಲೆ ಕೊಡಬಹುದಾದಷ್ಟು ಗಿಡ ಗಟ್ಟಿಯಾಗಿತ್ತು.

ಏಪ್ರಿಲ್‌ನಲ್ಲಿ ಮೂರು ಮೊಗ್ಗು ಬಂದವು. ಸುಧಾರಿಸಿಕೊಳ್ಳುತ್ತಿರುವ ಗಿಡದ ಮೊದಲ ಮೊಗ್ಗನ್ನು ಚಿವುಟಬೇಕು, ಆ ಶಕ್ತಿ ಬೇರಿಗೆ ಹೋಗಲಿ ಎಂಬುದು ಲೆಕ್ಕ. ಕತ್ತರಿ ಹಿಡಿದು ಹೋದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಎರಡನ್ನು ಚಿವುಟಿದೆ. ಮೂರನೆಯದು ಒಂದು ಗುರುವಾರ ಬೆಳಿಗ್ಗೆ ಅರಳಿತು. ದೇವರಿಗೆ ಏರಿಸುತ್ತಾಳೆಂದುಕೊಂಡಿದ್ದೆ, ಅವಳು ಅದನ್ನು ತುರುಬಿಗೆ ಸಿಕ್ಕಿಸಿಕೊಂಡು ಸೀದಾ ಎದುರು ಮನೆಗೆ ಹೋದಳು.

ನಾನು ಗೂಟಗಳ ಟ್ಯೂಬ್ ಪಟ್ಟಿಯನ್ನು ಇನ್ನೊಂದು ಸುತ್ತು ಸಡಿಲಿಸಿದೆ. ಬಾಗಿ, ಹೊದಿಕೆ ಸರಿಸಿ, ಗಂಟಿನಿಂದ ಮಣ್ಣಿಗೆ ಕೈಯಿಟ್ಟು ಅಳೆದೆ. ಒಂದು ಗೇಣು, ಅದರ ಕೆಳಗೆ ಬೇರು ಹೊರಡುವ ಅಗಲ.